ಬದುವಿದ್ದರೆ ನೀರು ನಿಂತೀತು

(ಮನೋಚಿಕಿತ್ಸೆಯಲ್ಲಿ ಚಿಕಿತ್ಸಕರು ಮತ್ತು ನೊಂದವರ ನಡುವಣ ಸಂಬಂಧ ಕುರಿತ ದತ್ತಿ ಉಪನ್ಯಾಸದ ಬರಹ ರೂಪ)



ಆತಗೂರು ಹೋಬಳಿಯಲ್ಲಿ ಹುಟ್ಟಿ, ಓದಲು ಹೊರಗೆ ಹೋದ ಮಗಳನ್ನು ಕರೆದು ಈ ವೇದಿಕೆಯ ಮೇಲೆ ನಿಲ್ಲಿಸಿದ್ದೀರಿ. ಮೂವತ್ತು ವರ್ಷಕ್ಕೂ ಮಿಕ್ಕಿ ನಾನು ಮಾಡಿದ ಕೆಲಸ ಒಂದೇ. ಎದುರಿನ ಕುರ್ಚಿಯಲ್ಲಿ ಕೂತವರ ಮಾತನ್ನು ಕೇಳುವುದು. ಊರಿಗೆ ಬಂದಾಗಲೆಲ್ಲ ಹಿರಿಯರು ಕೇಳುತ್ತಿದ್ದರು: "ಬರೀ ಮಾತಾಡಿದ್ರೆ ಕಾಯಿಲೆ ವಾಸಿಯಾಯ್ತದೇನವ್ವ?" ನ್ಯಾಯವಾದ ಪ್ರಶ್ನೆ. ಅದಕ್ಕೆ ಆಗ ಎರಡು ಮಾತಿನ ಉತ್ತರ ಕೊಟ್ಟು ಬಸ್ಸು ಹತ್ತಿಬಿಡುತ್ತಿದ್ದೆ. ಇಂದು ಸಾವಧಾನವಾಗಿ ಉತ್ತರಿಸಲು ನೀವೇ ಅವಕಾಶ ಮಾಡಿಕೊಟ್ಟಿದ್ದೀರಿ.

ಉಪನ್ಯಾಸದ ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ಕಾಯಿಲೆಗೆ ಯಾವ ಮಾತ್ರೆ ಎಂಬ ವಿಚಾರಕ್ಕೆ ನಾನು ಹೋಗುವುದಿಲ್ಲ. ಮನಸ್ಸು ನೊಂದು ಬಂದವರಿಗೂ ಚಿಕಿತ್ಸಕರಿಗೂ ನಡುವೆ ಬೆಳೆಯುವ ಸಂಬಂಧವಷ್ಟೇ ನನ್ನ ವಿಷಯ. ನಾಲ್ಕು ಸಂಗತಿಗಳನ್ನು ತೆಗೆದುಕೊಳ್ಳುತ್ತೇನೆ. ಒಂದು, ಈ ಸಂಬಂಧಕ್ಕೆ ಗುಣಪಡಿಸುವ ಶಕ್ತಿ ಎಲ್ಲಿಂದ ಬರುತ್ತದೆ. ಎರಡು, ನಮ್ಮ ನಾಡಿನಲ್ಲಿ ಈ ಸಂಬಂಧಕ್ಕೆ ಯಾವ ರೂಪ ಬಂದಿದೆ. ಮೂರು, ಇದಕ್ಕೆ ಎಲ್ಲೆಗಳು ಏಕೆ ಬೇಕು. ನಾಲ್ಕು, ಮನೆಯವರು ಮತ್ತು ಗುಟ್ಟಿನ ಪ್ರಶ್ನೆ. ನಡುವೆ ಕೆಲವರ ಮಾತುಗಳನ್ನು ಉದಾಹರಿಸುತ್ತೇನೆ. ಅವು ಯಾರೊಬ್ಬರ ಕಥೆಯೂ ಅಲ್ಲ. ಹಲವರ ಬದುಕನ್ನು ಬೆರೆಸಿ, ಗುರುತು ಹತ್ತದಂತೆ ಮಾಡಿಕೊಂಡಿದ್ದೇನೆ. ಹಾಗೆ ಮಾಡುವುದೂ ಈ ಸಂಬಂಧದ ಧರ್ಮವೇ.

ಹೆಸರಿನಿಂದ ಆರಂಭಿಸೋಣ. ಕೌನ್ಸೆಲಿಂಗ್ ಎಂಬುದಕ್ಕೆ ಕನ್ನಡದವರು 'ಆಪ್ತಸಮಾಲೋಚನೆ' ಎಂಬ ಮಾತನ್ನು ಕಟ್ಟಿಕೊಂಡರು. ಸಮಾಲೋಚನೆ ಎಂದರೆ ಕೂಡಿ ಆಲೋಚಿಸುವುದು. ಅಂದರೆ ಒಬ್ಬರು ಬುದ್ಧಿ ಹೇಳಿ ಇನ್ನೊಬ್ಬರು ತಲೆಯಾಡಿಸುವ ಕೆಲಸ ಇದಲ್ಲ ಎಂಬ ತಿಳಿವಳಿಕೆ ಹೆಸರಿನಲ್ಲೇ ಇದೆ. ಇನ್ನು 'ಆಪ್ತ'. ಬಳಕೆಯಲ್ಲಿ ಅದಕ್ಕೆ ಹತ್ತಿರದವರು ಎಂದರ್ಥ. ನಮ್ಮ ನ್ಯಾಯ ದರ್ಶನದಲ್ಲಿ ಮಾತ್ರ ಅದಕ್ಕೆ ಬೇರೊಂದು ತೂಕವಿದೆ. ಅಲ್ಲಿ ಆಪ್ತ ಎಂದರೆ ನಂಬಲು ಅರ್ಹನಾದವನು. ಅಂಥವನ ಮಾತೇ ಪ್ರಮಾಣ. ಹತ್ತಿರದವರೆಲ್ಲ ನಂಬಿಕೆಗೆ ಅರ್ಹರಾಗಿರುವುದಿಲ್ಲ ಎಂಬುದು ಒಂದೇ ಬೇಲಿ ಹಂಚಿಕೊಂಡು ಬದುಕಿದ ನಮಗೆ ಹೊಸ ವಿಷಯವಲ್ಲ. ಮನೋಚಿಕಿತ್ಸೆಯ ಸಂಬಂಧಕ್ಕೆ ಈ ಎರಡು ಅರ್ಥಗಳೂ ಒಟ್ಟಿಗೆ ಬೇಕು. ಹತ್ತಿರವೂ ಇರಬೇಕು, ನಂಬಲೂ ಬರಬೇಕು. ಅದು ಹೇಗೆ ಸಾಧ್ಯ ಎಂಬುದೇ ಇಂದಿನ ನನ್ನ ಮಾತಿನ ತಿರುಳು.

ಈಗ ಮೊದಲನೆಯ ಸಂಗತಿಗೆ ಬರುತ್ತೇನೆ.

ಮನೋಚಿಕಿತ್ಸೆಯಲ್ಲಿ ಹಲವು ಪಂಥಗಳಿವೆ. ಬಾಲ್ಯದ ನೆನಪುಗಳನ್ನು ಕೆದಕಿ ನೋಡುವವರಿದ್ದಾರೆ, ಇಂದಿನ ಆಲೋಚನೆಯ ಜಾಡು ತಿದ್ದುವವರಿದ್ದಾರೆ, ಇಡೀ ಕುಟುಂಬವನ್ನು ಕೂರಿಸಿಕೊಂಡು ಮಾತಾಡುವವರಿದ್ದಾರೆ. ದಾರಿಗಳು ಬೇರೆಯಾದರೂ ಫಲ ಹೆಚ್ಚುಕಡಿಮೆ ಒಂದೇ ಬಗೆಯದಾಗಿದೆಯಲ್ಲ, ಎಲ್ಲಕ್ಕೂ ಸಮಾನವಾದದ್ದು ಏನೋ ಇರಬೇಕು ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲ್ ರೋಸೆನ್‌ಜ್ವೀಗ್ 1936ರಲ್ಲೇ ಬರೆದರು. ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲಿ ಒಂದು ಪ್ರಬಂಧ ಪ್ರಕಟಿಸಿ ಚಿಕಿತ್ಸಕರಲ್ಲಿ ಇರಲೇಬೇಕಾದ ಮೂರು ಗುಣಗಳನ್ನು ಗುರುತಿಸಿದರು. ಎದುರಿನವರ ಸಂಕಟವನ್ನು ಅವರ ಒಳಗಿನಿಂದಲೇ ಕಾಣಬಲ್ಲ ಅನುಭೂತಿ, ಷರತ್ತು ಹಾಕದ ಆದರ, ಒಳಗೊಂದು ಹೊರಗೊಂದು ಇಲ್ಲದ ನಡೆ. 'ರೋಗಿ' ಎಂಬ ಪದವನ್ನು ಬಿಟ್ಟು 'ಕ್ಲೈಂಟ್' ಎಂದು ಕರೆಯುವುದನ್ನು ರೂಢಿಗೆ ತಂದವರಲ್ಲೂ ರೋಜರ್ಸ್ ಮುಖ್ಯರು. ಕನ್ನಡದಲ್ಲಿ ಅದಕ್ಕೆ ಒಪ್ಪುವ ಪದ ಇನ್ನೂ ನೆಲೆಗೊಂಡಿಲ್ಲ. 'ಕಕ್ಷಿದಾರ' ಎಂದರೆ ಕೋರ್ಟು ನೆನಪಾಗುತ್ತದೆ. ನಾನು 'ಬಂದವರು' ಎನ್ನುತ್ತೇನೆ. ತಾವಾಗಿ ಬಂದವರು, ಬೇಡವೆನಿಸಿದರೆ ಎದ್ದು ಹೋಗಬಲ್ಲವರು ಎಂಬ ಗೌರವ ಆ ಮಾತಿನಲ್ಲಿದೆ.

1979ರಲ್ಲಿ ಎಡ್ವರ್ಡ್ ಬೋರ್ಡಿನ್ ಎಂಬ ವಿದ್ವಾಂಸರು ಇದನ್ನು ಇನ್ನಷ್ಟು ಬಿಡಿಸಿ ಹೇಳಿದರು. ಸಂಬಂಧ ಎಂದರೆ ಬರೀ ಪ್ರೀತಿ ವಿಶ್ವಾಸವಲ್ಲ. ಎಲ್ಲಿಗೆ ತಲುಪಬೇಕು ಎಂಬ ಗುರಿಯಲ್ಲಿ ಒಪ್ಪಿಗೆ, ಅದಕ್ಕಾಗಿ ಯಾರು ಏನು ಮಾಡಬೇಕು ಎಂಬ ಕೆಲಸದಲ್ಲಿ ಒಪ್ಪಿಗೆ, ಇವೆರಡನ್ನು ಹಿಡಿದಿಡುವ ನಂಟು, ಈ ಮೂರೂ ಸೇರಿದರೇ ಅದು ಚಿಕಿತ್ಸೆಯ ಮೈತ್ರಿ. ನಮ್ಮೂರಿನ ಮುಯ್ಯಾಳು ಪದ್ಧತಿ ನೆನೆಸಿಕೊಳ್ಳಿ. ಇಂದು ಯಾರ ಗದ್ದೆ, ಎಷ್ಟು ನಾಟಿ, ನಾಳೆ ಯಾರದ್ದು ಎಂಬುದು ಗೊತ್ತಿದ್ದರೇ ಸಲುಗೆಗೂ ಬೆಲೆ. 2018ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ 295 ಅಧ್ಯಯನಗಳನ್ನು, ಅಂದರೆ 30,000ಕ್ಕೂ ಹೆಚ್ಚು ಜನರ ಚಿಕಿತ್ಸೆಯ ಅನುಭವವನ್ನು ಒಟ್ಟಿಗೆ ತೂಗಿ ನೋಡಿತು. ಮೈತ್ರಿ ಗಟ್ಟಿಯಾಗಿದ್ದ ಕಡೆ ಫಲವೂ ಚೆನ್ನಾಗಿತ್ತು. ಈ ನಂಟಿನ ಪ್ರಮಾಣ ಸಾಧಾರಣವಾದದ್ದೇ. ಆದರೆ ಚಿಕಿತ್ಸಾ ಪಂಥ ಯಾವುದೇ ಇರಲಿ, ದೇಶ ಯಾವುದೇ ಇರಲಿ ಅದು ಕಾಣಿಸಿಕೊಂಡಿತು. ಹಿರಿಯರ ಪ್ರಶ್ನೆಗೆ ಇದು ಉತ್ತರದ ಮೊದಲ ಭಾಗ: ವಾಸಿ ಮಾಡುವುದರಲ್ಲಿ ಆಡಿದ ಮಾತಿಗೆ ಮಾತ್ರವಲ್ಲ, ಆ ಮಾತು ಯಾರ ಮುಂದೆ, ಯಾವ ಭರವಸೆಯಲ್ಲಿ ಹೊರಬಂತು ಎಂಬುದಕ್ಕೂ ಪಾಲಿದೆ.

ಆದರೆ ಮೈತ್ರಿ ಒಮ್ಮೆ ಬೆಳೆದರೆ ಮುಗಿಯಿತು ಎಂದಲ್ಲ, ಮುರಿಯುತ್ತದೆ. ಜೆರೆಮಿ ಸಫ್ರಾನ್ ಮತ್ತು ಕ್ರಿಸ್ಟಫರ್ ಮುರಾನ್ ಎಂಬ ಸಂಶೋಧಕರು ಈ ಮುರಿತ ಮತ್ತು ಬೆಸುಗೆಯ ಬಗ್ಗೆಯೇ ದಶಕಗಳ ಕಾಲ ಕೆಲಸ ಮಾಡಿದರು. ನನ್ನ ಅನುಭವವೊಂದನ್ನು ಹೇಳುತ್ತೇನೆ. ಕಬ್ಬು ಬೆಳೆಯುವ ರೈತರೊಬ್ಬರು ಬರುತ್ತಿದ್ದರು. ಮೂರನೆಯ ಭೇಟಿಯಲ್ಲಿ ತೀರಿಹೋದ ತಮ್ಮನ ಮಾತು ತೆಗೆದರು. ಆ ಹೊತ್ತಿನಲ್ಲೇ ನಾನು ಗೋಡೆಯ ಗಡಿಯಾರ ನೋಡಿದೆ. ಮುಂದಿನ ವಾರ ಅವರು ಬರಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ಮಾತ್ರೆಗಾಗಿ ಆಸ್ಪತ್ರೆಗೆ ಬಂದ ದಿನ ಓಣಿಯಲ್ಲಿ ಸಿಕ್ಕರು. ಒಳಗೆ ಕರೆದು ಕೇಳಿದೆ. "ನಿಮ್ಗೆ ಒತ್ತಾಯ್ತು ಅಂತ ಕಾಣ್ತು, ಅದ್ಕೆ ಸುಮ್ನಾದೆ ಕನಕ್ಕ" ಎಂದರು. ಹೌದು, ನೋಡಿದ್ದು ನಿಜ, ತಪ್ಪಾಯಿತು ಎಂದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ನಮ್ಮಪ್ಪನೂ ಹಂಗೇಯ. ನಾನು ಬಾಯಿ ಬುಟ್ರೆ ಎದ್ದೋಗ್ಬುಡರು." ಚಿಕಿತ್ಸೆ ನಿಜವಾಗಿ ತೊಡಗಿದ್ದು ಅಂದಿನಿಂದ. ತಮ್ಮ ನೋವಿಗೆ ಕಾರಣರಾದವರೇ ಎದುರು ಕೂತು ತಪ್ಪೊಪ್ಪಿಕೊಂಡದ್ದು ಅವರ ಬದುಕಿನಲ್ಲಿ ಅದೇ ಮೊದಲು. ಬದು ಒಡೆದ ಕಡೆಯೇ ಮಣ್ಣು ಹಾಕಿ ತುಳಿದು ಕಟ್ಟಿದರೆ ಅದು ಮೊದಲಿಗಿಂತ ಗಟ್ಟಿಯಾಗುವುದನ್ನು ನೀವೆಲ್ಲ ಕಂಡಿದ್ದೀರಿ.

ಇಲ್ಲಿಂದ ಎರಡನೆಯ ಸಂಗತಿಗೆ ದಾಟೋಣ. ಈ ವಿದ್ಯೆ ನಮ್ಮ ನಾಡಿನಲ್ಲಿ ಹೇಗೆ ಬೇರೂರಿತು?

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ 1924ರಲ್ಲೇ ಆರಂಭವಾಯಿತು. ಅದನ್ನು ಕಟ್ಟಿದವರು ಪ್ರೊ. ಎಂ. ವಿ. ಗೋಪಾಲಸ್ವಾಮಿ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. ಆ ಸಂಸ್ಥೆ 1974ರಲ್ಲಿ ಪಕ್ಕದ ಸರ್ಕಾರಿ ಮಾನಸಿಕ ಆಸ್ಪತ್ರೆಯೊಂದಿಗೆ ಕೂಡಿ ನಾವು ಬಲ್ಲ ನಿಮ್ಹಾನ್ಸ್ ಆಯಿತು. ಪುಸ್ತಕಗಳ ಲೋಕದಲ್ಲಿ, 'ಕೊರವಂಜಿ'ಯ ಸಂಪಾದಕರಾಗಿದ್ದ ವೈದ್ಯ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನಸ್ಸಿನ ಕಾಯಿಲೆಯ ಕುರಿತ ಕನ್ನಡದ ಬರಹಕ್ಕೆ ಸಂದ ದೊಡ್ಡ ಮನ್ನಣೆ ಅದು.

ಅದೇ 1976ರಲ್ಲಿ ಇನ್ನೊಂದು ಮಹತ್ವದ ಪುಸ್ತಕ ಹೊರಬಂತು. ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಕರಾವಳಿಯ ಕೋಟ ಗ್ರಾಮದಲ್ಲಿ ನಡೆಸಿದ ಅಧ್ಯಯನ. ಮನಸ್ಸು ಕೆಟ್ಟಾಗ ಜನ ಯಾರ ಬಳಿ ಹೋಗುತ್ತಾರೆ ಎಂದು ಅವರು ಕೇಳಿ ನೋಡಿದರು. ಊರಿನಲ್ಲಿ ನಾಟಿ ವೈದ್ಯರಿದ್ದರು, ಮಂತ್ರವಾದಿಗಳಿದ್ದರು, ದರ್ಶನ ಬರುವ ಪಾತ್ರಿಗಳಿದ್ದರು, ಇಂಗ್ಲಿಷ್ ಔಷಧಿಯ ಡಾಕ್ಟರೂ ಇದ್ದರು. ಜನ ಒಬ್ಬರನ್ನೇ ಹಿಡಿದು ಕೂರದೆ ಎಲ್ಲರ ಬಾಗಿಲನ್ನೂ ತಟ್ಟುತ್ತಿದ್ದರು. ನಮ್ಮ ಮದ್ದೂರು, ಮಳವಳ್ಳಿ ಸೀಮೆಯಲ್ಲೂ ಹಾಗೆಯೇ ಅಲ್ಲವೆ? ಶಾಸ್ತ್ರ ಕೇಳಿಸಿ, ಯಂತ್ರ ಕಟ್ಟಿಸಿ, ಹರಕೆ ಹೊತ್ತು, ಆಮೇಲೆ ಆಸ್ಪತ್ರೆ. ಇದನ್ನು ಮೂಢತನವೆಂದು ತಳ್ಳಿಬಿಟ್ಟರೆ ಒಂದು ಪಾಠ ಕೈತಪ್ಪುತ್ತದೆ. ಗುಡಿಯ ಮುಂದೆ ಕೂತ ಹಿರಿಯರು ಬಂದವರ ಊರು ಕೇಳುತ್ತಾರೆ, ಮನೆಯವರ ಕ್ಷೇಮ ಕೇಳುತ್ತಾರೆ, ಅವಸರ ಮಾಡುವುದಿಲ್ಲ. ಸಂಕಟಕ್ಕೆ ಒಂದು ಹೆಸರು ಕೊಡುತ್ತಾರೆ. ಆಸ್ಪತ್ರೆಯ ಸಾಲಿನಲ್ಲಿ ಸಿಗದ ಸಂಬಂಧ ಅಲ್ಲಿ ಸಿಗುತ್ತದೆ. ಹಾಗೆಂದು ಕಟ್ಟಿಹಾಕುವುದನ್ನೂ ಹೊಡೆಯುವುದನ್ನೂ ನಾನು ಎಂದಿಗೂ ಒಪ್ಪುವುದಿಲ್ಲ. ಅವರ ತಾಳ್ಮೆಯನ್ನು ಮಾತ್ರ ನಾವು ಕಲಿಯಬೇಕು.

ನಮ್ಮಲ್ಲಿ ಬಂದವರು ಚಿಕಿತ್ಸಕರನ್ನು ಸ್ನೇಹಿತರಂತೆ ನೋಡುವುದು ಕಡಿಮೆ. "ನೀವೇ ಒಂದ್ ಮಾತು ಹೇಳ್ಬುಡಿ, ಅಂಗೇ ನಡ್ಕತೀನಿ" ಎನ್ನುತ್ತಾರೆ. ಮನೋವೈದ್ಯ ಜೆ. ಎಸ್. ನೇಕಿ 1973ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ, ಭಾರತದ ಚಿಕಿತ್ಸಕರು ಗುರು-ಶಿಷ್ಯ ಸಂಬಂಧದಿಂದ ಕಲಿಯಬಹುದೇ ಎಂಬ ಪ್ರಶ್ನೆ ಎತ್ತಿದರು. ಅವಲಂಬನೆಯನ್ನು ದೋಷವೆಂದು ಕಾಣದೆ ಅದನ್ನೇ ಮೆಟ್ಟಿಲು ಮಾಡಿಕೊಳ್ಳಬಹುದು ಎಂಬ ಒಳನೋಟ ಅದರಲ್ಲಿತ್ತು. ನನ್ನ ಮಟ್ಟಿಗೆ ಅರ್ಧ ದಾರಿ ಅದು ಸರಿ. ಕೈ ಚಾಚಿದವರಿಗೆ ಮೊದಲ ದಿನವೇ "ನಿಮ್ಮ ದಾರಿ ನೀವೇ ಹುಡುಕಿಕೊಳ್ಳಿ" ಎಂದರೆ ಅವರು ಮತ್ತೆ ಬರುವುದಿಲ್ಲ. ಆದರೆ ಗುರುವಿನ ಪೀಠ ಸುಖವಾದದ್ದು. ಅದರಲ್ಲಿ ಕೂತವರಿಗೆ ಇಳಿಯುವುದು ಮರೆತುಹೋಗಬಹುದು. ಈ ಅಪಾಯವೇ ನನ್ನನ್ನು ಮೂರನೆಯ ಸಂಗತಿಗೆ ಕರೆದೊಯ್ಯುತ್ತದೆ.

ಎಲ್ಲೆಗಳ ಬಗ್ಗೆ ಮಾತಾಡುವಾಗ ನಾನು ಸದಾ ಒಂದು ಚಿತ್ರವನ್ನು ನೆನೆಯುತ್ತೇನೆ. 1980ರ ದಶಕದ ಆರಂಭದಲ್ಲಿ ಬಂದ ಪುಟ್ಟಣ್ಣ ಕಣಗಾಲರ 'ಮಾನಸ ಸರೋವರ'. ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಶ್ರೀನಾಥ್ ಅಭಿನಯಿಸಿದ ಮನೋವೈದ್ಯ, ಪದ್ಮಾ ವಾಸಂತಿ ಅಭಿನಯಿಸಿದ ಅಸ್ವಸ್ಥ ಯುವತಿಯನ್ನು ಗುಣಪಡಿಸುತ್ತಾನೆ. ಗುಣಪಡಿಸುತ್ತಲೇ ಆಕೆಯನ್ನು ಪ್ರೀತಿಸತೊಡಗುತ್ತಾನೆ. ಚೇತರಿಸಿಕೊಂಡ ಆಕೆಯ ಮನಸ್ಸು ಇನ್ನೊಬ್ಬನ ಕಡೆ ತಿರುಗಿದಾಗ ವೈದ್ಯನೇ ಬುದ್ಧಿ ಕಳೆದುಕೊಳ್ಳುತ್ತಾನೆ. ಪ್ರೇಕ್ಷಕರು ವೈದ್ಯನಿಗಾಗಿ ಅತ್ತರು, ನಾನೂ ಅತ್ತೆ. ಈ ವೃತ್ತಿಗೆ ಬಂದ ಮೇಲೆ ಮತ್ತೆ ನೋಡಿದಾಗ ಬೇರೆಯೇ ಒಂದು ದುಃಖ ಕಂಡಿತು. ಆ ಹುಡುಗಿ ಚಿಕಿತ್ಸೆಯಿಂದ ಪಡೆಯಬೇಕಾದದ್ದು ತನ್ನ ಆಯ್ಕೆಯ ಸ್ವಾತಂತ್ರ್ಯ. ಅದನ್ನು ಪಡೆದಳು ಕೂಡ. ಆಕೆ ಆರಿಸಿಕೊಂಡದ್ದೇ ವೈದ್ಯನಿಗೆ ದ್ರೋಹವಾಗಿ ಕಂಡಿತಲ್ಲ, ಎಲ್ಲೆ ಮೀರಿದ ಆಪ್ತತೆ ಮಾಡುವ ಅನಾಹುತ ಅದು.

ಸಿಗ್ಮಂಡ್ ಫ್ರಾಯ್ಡ್ 1912 ಮತ್ತು 1915ರಲ್ಲಿ, ಬಂದವರಲ್ಲಿ ಚಿಕಿತ್ಸಕರ ಬಗ್ಗೆ ಹುಟ್ಟುವ ಭಾವನೆಗಳ ಕುರಿತು ಎರಡು ಪ್ರಬಂಧಗಳನ್ನು ಬರೆದರು. ತಂದೆಯ ಮೇಲಿದ್ದ ಭಯ, ತಾಯಿಯ ಮೇಲಿದ್ದ ಹಂಬಲ, ಕೈಬಿಟ್ಟವರ ಮೇಲಿನ ಸಿಟ್ಟು, ಇವೆಲ್ಲ ಚಿಕಿತ್ಸಕರ ಮೇಲೆ ಬಂದು ಕೂರುತ್ತವೆ. ಇದನ್ನು ಭಾವವರ್ಗಾವಣೆ ಎನ್ನುತ್ತಾರೆ. ಗಡಿಯಾರ ನೋಡಿದ ನನ್ನಲ್ಲಿ ಆ ರೈತರು ಕಂಡದ್ದು ತಮ್ಮ ಅಪ್ಪನನ್ನು. ಚಿಕಿತ್ಸಕರ ಮೇಲೆ ಪ್ರೀತಿ ಹುಟ್ಟಿದಾಗ ಅದನ್ನು ಗೆದ್ದ ಸಂಪತ್ತೆಂದು ತಿಳಿಯಬಾರದು, ಅವಮಾನಿಸಿ ತಳ್ಳಲೂಬಾರದು. ಆ ಪ್ರೀತಿಯ ವಿಳಾಸ ಬೇರೆಯದು. ಅಂಚೆಯವರು ಪತ್ರವನ್ನು ತಲುಪಿಸಬೇಕು, ತಾವೇ ಒಡೆದು ಓದಿಕೊಳ್ಳಬಾರದು.

ದೊಡ್ಡ ಎಲ್ಲೆಗಳು ಎಲ್ಲರಿಗೂ ತಿಳಿಯುತ್ತವೆ. ಬಂದವರೊಂದಿಗೆ ಪ್ರಣಯವಿಲ್ಲ, ಸಾಲ ಕೊಡುವಂತಿಲ್ಲ, ತರುವಂತಿಲ್ಲ, ವ್ಯವಹಾರವಿಲ್ಲ. ಕಷ್ಟವಿರುವುದು ಸಣ್ಣ ಎಲ್ಲೆಗಳಲ್ಲಿ. ಒಬ್ಬ ತಾಯಿ ಚೇತರಿಸಿಕೊಂಡ ಮೇಲೆ ಒಂದು ಚೀಲ ಸೊಗಡಿನ ಅವರೆಕಾಯಿ ತಂದರು. ಬೇಡವೆಂದರೆ ಆಕೆಯ ಕೈಯನ್ನೇ ತಳ್ಳಿದಂತೆ. ಮನೆಗೆ ಒಯ್ದರೆ ನಮ್ಮಿಬ್ಬರ ನಡುವೆ ಒಂದು ಋಣ ಹುಟ್ಟಿತು. ಚೀಲವನ್ನು ವಾರ್ಡಿನ ಅಡುಗೆಮನೆಗೆ ಕೊಟ್ಟು, ಅಂದಿನ ಸಾರನ್ನು ಎಲ್ಲರೂ ಉಂಡೆವು. ಆಮೇಲೆ ಆಕೆಯೊಂದಿಗೆ ಕೂತು ಕೇಳಿದೆ: ಬರಿಗೈಯಲ್ಲಿ ಬಂದರೆ ನಾನು ಬೇಸರಪಡುತ್ತೇನೆ ಅನ್ನಿಸಿತೆ? ಕೊಡದೆ ಪ್ರೀತಿ ಸಿಗುವುದಿಲ್ಲ ಎಂದು ಆಕೆ ಚಿಕ್ಕಂದಿನಿಂದ ಕಲಿತಿದ್ದ ಪಾಠ ಆ ಪ್ರಶ್ನೆಯಿಂದ ಹೊರಬಂತು. ಬೀಗರೂಟಕ್ಕೆ ಕರೆದವರಿದ್ದಾರೆ. ನಾನು ಹೋಗಿಲ್ಲ. ಅಲ್ಲಿ "ಇವರು ಯಾರು, ನಿಮಗೆ ಹೇಗೆ ಪರಿಚಯ?" ಎಂಬ ಪ್ರಶ್ನೆ ಬಂದರೆ ಉತ್ತರ ಹೇಳಬೇಕಾದ ಕಷ್ಟ ಕರೆದವರ ಪಾಲಿಗೆ ಬೀಳುತ್ತದೆ.

ಇನ್ನೊಂದು ಪ್ರಶ್ನೆ ನಮ್ಮ ಕಡೆ ಮೊದಲ ಐದು ನಿಮಿಷದಲ್ಲೇ ಬರುತ್ತದೆ. "ನಿಮ್ಮದು ಯಾವೂರು? ಯಾರ ಪೈಕಿ?" ವಿಶ್ವಾಸದಿಂದ ಕೇಳಿದ ಪ್ರಶ್ನೆ ಅದು. ಜಾತಿಯನ್ನೂ ಅದೇ ಪ್ರಶ್ನೆ ಕೇಳುತ್ತಿರುತ್ತದೆ. ನಾನು ಊರ ಹೆಸರು ಹೇಳುತ್ತೇನೆ, ಅಲ್ಲಿಗೆ ನಿಲ್ಲುತ್ತೇನೆ. ಜಾತಿಯ ಕಾರಣಕ್ಕೇ ಪೆಟ್ಟು ತಿಂದು ಬಂದವರು ನನ್ನ ಮುಂದೆ ಬಾಯಿ ಬಿಡದೆ ಕೂತದ್ದೂ ಉಂಟು. ಆಗ ಕೇಳುವ ಕುರ್ಚಿಯಲ್ಲಿರುವ ನನಗೆ ಇರುವ ಬಲವನ್ನು, ಅವರಿಗೆ ಇರುವ ಅನುಮಾನವನ್ನು ನಾನೇ ಮೊದಲು ಹೆಸರಿಸಬೇಕು. ಸಮಾನತೆ ತಾನಾಗಿ ಆ ಕೋಣೆಯೊಳಗೆ ಬರುವುದಿಲ್ಲ.

ನಾಲ್ಕನೆಯ ಹಾಗೂ ಕೊನೆಯ ಸಂಗತಿ, ಮನೆಯವರು ಮತ್ತು ಗುಟ್ಟು.

ಪಶ್ಚಿಮದ ಪುಸ್ತಕಗಳಲ್ಲಿ ಚಿಕಿತ್ಸೆಯ ಕೋಣೆಯಲ್ಲಿ ಇಬ್ಬರೇ ಇರುತ್ತಾರೆ. ನಮ್ಮಲ್ಲಿ ಬಾಗಿಲ ಹೊರಗೆ ಅತ್ತೆ, ಅಣ್ಣ, ಚಿಕ್ಕಪ್ಪ ಕಾಯುತ್ತಿರುತ್ತಾರೆ. ಇದನ್ನು ನಮ್ಮ ವೈದ್ಯರು ಬಲವಾಗಿಯೂ ಬಳಸಿಕೊಂಡರು. 1950ರ ದಶಕದಲ್ಲಿ ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಜೊತೆ ಕುಟುಂಬದವರನ್ನೂ ಇರಿಸಿಕೊಂಡರು. ನಿಮ್ಹಾನ್ಸ್‌ನಲ್ಲಿ 1970ರ ದಶಕದಲ್ಲಿ ಕುಟುಂಬ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವೇ ಬಂತು. ಮನೆಯವರು ಆರೈಕೆಯ ಪಾಲುದಾರರಾದರು.

ಆದರೆ ಮನೆ ಸಿದ್ಧವಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಮಂಡ್ಯದಲ್ಲಿ ಹುಟ್ಟಿದ ಲೇಖಕಿಯೊಬ್ಬರು ಎಲ್ಲರಿಗಿಂತ ಚೆನ್ನಾಗಿ ಕಂಡರು. ತ್ರಿವೇಣಿ 1928ರಲ್ಲಿ ಹುಟ್ಟಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿ, 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮುನ್ನ ತೀರಿಕೊಂಡರು. ಅವರ 'ಶರಪಂಜರ' ಕಾದಂಬರಿಯನ್ನು ಪುಟ್ಟಣ್ಣನವರು 1971ರಲ್ಲಿ ತೆರೆಗೆ ತಂದರು. ಬಾಣಂತನದ ನಂತರ ಮನಸ್ಸು ಕದಡಿದ ನಾಯಕಿ ಕಾವೇರಿ, ಆಸ್ಪತ್ರೆಯಲ್ಲಿ ಗುಣವಾಗುತ್ತಾಳೆ. ಮನೆಗೆ ಬಂದವಳನ್ನು ಗಂಡ, ನೆರೆಹೊರೆ ಯಾರೂ ಗುಣವಾದವಳೆಂದು ನಂಬುವುದಿಲ್ಲ. ಆ ಅಪನಂಬಿಕೆಯೇ ಆಕೆಯನ್ನು ಮತ್ತೆ ಆಸ್ಪತ್ರೆಗೆ ಕಳಿಸುತ್ತದೆ. ಚಿಕಿತ್ಸಕರ ಕೋಣೆಯಲ್ಲಿ ವಾರಕ್ಕೆ ಒಂದು ಗಂಟೆ ಸಿಕ್ಕ ನಂಬಿಕೆಗೆ, ಉಳಿದ ನೂರಅರವತ್ತೇಳು ಗಂಟೆ ಮನೆಯಲ್ಲಿ ಸಿಗುವ ಅನುಮಾನವನ್ನು ತಡೆಯುವ ಶಕ್ತಿ ಇರುವುದಿಲ್ಲ. ತ್ರಿವೇಣಿಯವರು ಹೇಳಿದ ಈ ಸತ್ಯ ಇಂದಿಗೂ ಹಳೆಯದಾಗಿಲ್ಲ.

ಹಾಗಾಗಿ ಮನೆಯವರೂ ಬೇಕು, ಗುಟ್ಟೂ ಉಳಿಯಬೇಕು. "ನಮ್ಮ ಹುಡುಗಿ ಏನಂದ್ಲು?" ಎಂದು ಅಣ್ಣ ಕೇಳುತ್ತಾನೆ. ಆಸ್ಪತ್ರೆಗೆ ಕರೆತಂದವನು, ಬಸ್ ಚಾರ್ಜು ಕೊಟ್ಟವನು ಅವನೇ. ಆದರೂ ಆಕೆ ಒಪ್ಪದೆ ಒಂದು ಮಾತನ್ನೂ ಹೇಳುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಪ್ರಕರಣ ಗೋಪ್ಯತೆಯನ್ನು ಹಕ್ಕನ್ನಾಗಿ ಮಾಡಿದೆ. ಜೀವಕ್ಕೆ ಅಪಾಯ, ಇನ್ನೊಬ್ಬರಿಗೆ ಹಾನಿ, ನ್ಯಾಯಾಲಯದ ಆದೇಶ ಇಂಥ ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿ. ಈ ವಿನಾಯಿತಿಗಳನ್ನು ಮೊದಲ ದಿನವೇ ಬಂದವರಿಗೆ ಹೇಳಬೇಕು. ಆಮೇಲೆ ಹೇಳಿದರೆ ಅದು ಮೋಸವಾಗುತ್ತದೆ. ಗೋಡೆಗೂ ಕಿವಿ ಇರುವ ಊರುಗಳಲ್ಲಿ ಜನ ಎಷ್ಟೋ ಸಲ ಕಾಯಿಲೆಗಿಂತ ಹೆಚ್ಚು ಹೆದರುವುದು ಸುದ್ದಿಗೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಬೇರೆ ಬೇರೆ ತೊಂದರೆಗಳಲ್ಲಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಚಿಕಿತ್ಸಕರ ಕೊರತೆ ದೊಡ್ಡ ಕಾರಣ, ನಾಚಿಕೆಯೂ ಒಂದು ಕಾರಣ. ಮುಖ ತೋರಿಸದೆ ಮಾತಾಡಲು ಬಯಸುವವರಿಗೆ 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಇದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಸಾಲಕ್ಕೆ ಹೆದರಿದ ರೈತರು ಜೀವ ಕಳೆದುಕೊಂಡ 2015ರ ಮುಂಗಾರನ್ನು ಈ ಜಿಲ್ಲೆ ಮರೆತಿಲ್ಲ. ಸಾಲವನ್ನು ಮಾತು ತೀರಿಸಲಾರದು, ಅದಕ್ಕೆ ಬೇರೆ ನ್ಯಾಯ ಬೇಕು. ಆದರೆ ಆ ಒಂದು ರಾತ್ರಿಯನ್ನು ದಾಟಿಸಲು ಕೇಳುವ ಒಂದು ಕಿವಿ ಸಾಕಾದದ್ದನ್ನು ನಾನು ಬಲ್ಲೆ. ಈ ಸಭೆಯಲ್ಲಿರುವ ಆಶಾ ಕಾರ್ಯಕರ್ತೆಯರಲ್ಲಿ, ಅಧ್ಯಾಪಕರಲ್ಲಿ ನನ್ನ ಬೇಡಿಕೆ ಇಷ್ಟೆ. ಯಾರಾದರೂ ನಿಮ್ಮ ಮುಂದೆ ಬಾಯಿ ಬಿಟ್ಟರೆ ಬುದ್ಧಿ ಹೇಳುವ ಮುನ್ನ ಪೂರ್ತಿ ಕೇಳಿ, ಕೇಳಿದ್ದನ್ನು ಅರಳಿಕಟ್ಟೆಗೆ ಒಯ್ಯಬೇಡಿ, ನಿಮ್ಮ ಕೈ ಮೀರಿದೆ ಅನ್ನಿಸಿದರೆ ಬಲ್ಲವರ ಬಳಿ ಕರೆದೊಯ್ಯಿರಿ.

ಇನ್ನು ಮುಗಿಸುವ ಹೊತ್ತು. ಈ ಸಂಬಂಧ ಬೇರೆಲ್ಲ ಸಂಬಂಧಗಳಿಗಿಂತ ಬೇರೆಯಾಗಿರುವುದು ಒಂದು ವಿಷಯದಲ್ಲಿ. ಮುಗಿಯಲೆಂದೇ ಅದು ತೊಡಗುತ್ತದೆ. ಬದುವಿಲ್ಲದ ಗದ್ದೆಯಲ್ಲಿ ನೀರು ನಿಲ್ಲುವುದಿಲ್ಲ, ನಾಟಿ ಬೇರು ಹಿಡಿಯುವುದಿಲ್ಲ ಎಂಬುದು ನಿಮಗೆಲ್ಲ ಗೊತ್ತು. ನಿಗದಿಯಾದ ವೇಳೆ, ಉಳಿಸಿಕೊಂಡ ಗುಟ್ಟು, ಒಲ್ಲೆನೆಂದ ಬೀಗರೂಟ ಇವೆಲ್ಲ ಬದುಗಳು. ಅವುಗಳೊಳಗೆ ನಿಂತ ಆಪ್ತತೆಯಲ್ಲಿ ನೊಂದ ಜೀವ ಬೇರು ಬಿಡುತ್ತದೆ. ಆದರೆ ಭತ್ತ ಬೆಳೆದವರಿಗೆ ಇನ್ನೂ ಒಂದು ಮಾತು ಗೊತ್ತು. ತೆನೆ ಬಲಿತು ಕೊಯ್ಲು ಹತ್ತಿರವಾದಾಗ ಅದೇ ಬದುವನ್ನು ನಾವೇ ಕಡಿದು ನೀರು ಬಸಿದುಬಿಡುತ್ತೇವೆ.

ಅವರೆಕಾಯಿ ತಂದ ಆ ತಾಯಿ ಕೊನೆಯ ಭೇಟಿಯಲ್ಲಿ ಕೇಳಿದರು: "ಇನ್ನು ಬರದು ಬ್ಯಾಡ್ವ ಅಕ್ಕ?" ಬೇಕೆನಿಸಿದರೆ ಬಾಗಿಲು ತೆರೆದೇ ಇರುತ್ತದೆ, ಬೇಕೆನಿಸದಿದ್ದರೆ ಇನ್ನೂ ಒಳ್ಳೆಯದು ಎಂದೆ. ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ತಾವೇ ಮೊದಲು ಎದ್ದರು. ಅಂದು ಗಡಿಯಾರ ನೋಡಿದ್ದು ಅವರು. ಅವರು ಮತ್ತೆ ಬರಲಿಲ್ಲ.